ಕೆಳಗಿನ ಸೆಟ್ಟು

ವರ್ಷದ ಕೊನೆಯ ವಾರ ಬಂತೆಂದರೆ ಹಲ್ಲಿನ ಮೇಷ್ಟ್ರು ಹೊಸ ಕೆಲಸ ಹಿಡಿಯುತ್ತಿರಲಿಲ್ಲ. ಯಾರೇ ಬಂದು ಎಷ್ಟೇ ಗೋಗರೆದರೂ, "ಹೊಸ ವರ್ಷಕ್ಕೆ ಬನ್ನಿ, ಹೊಸ ಹಲ್ಲು ಕೊಡ್ತೀನಿ" ಎಂದು ಬಾಗಿಲಿನಿಂದಲೇ ಸಾಗಹಾಕುತ್ತಿದ್ದರು. ಮೇಷ್ಟ್ರು ಎಂದ ಮಾತ್ರಕ್ಕೆ ಅವರು ಪಾಠ ಹೇಳಲು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಹಲ್ಲು ಉದುರಿದವರಿಗೆ ಹಲ್ಲು ಕಟ್ಟಿಕೊಡುವುದು ಅವರ ಕಸುಬು. ಬಟ್ಟೆ ಹೊಲಿಯುವವನೂ ಮಾಸ್ಟರ್, ಹೋಟೆಲಿನಲ್ಲಿ ಸೌಟು ಹಿಡಿದವನೂ ಮಾಸ್ಟರ್ ಆಗಿರುವಾಗ ಇವರೊಬ್ಬರು ಏನು ಪಾಪ ಮಾಡಿದ್ದರು ಎಂದು ಬೀದಿಯವರೇ ಈ ಪಟ್ಟ ಕಟ್ಟಿದ್ದರು.

ಮನೆಯ ಹಿಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಗೆ ಒತ್ತಿಕೊಂಡ ಉದ್ದನೆಯ ಮೇಜು, ಮೇಣ ಕರಗಿಸುವ ಪುಟ್ಟ ಒಲೆ, ಹೊಳಪು ಕೊಡುವ ಮೋಟಾರು, ಹಲ್ಲು ಬೇಯಿಸಲು ಒಂದು ಕುಕ್ಕರು. ಆ ಕುಕ್ಕರನ್ನು ಎಂದೋ ಅಡುಗೆಮನೆಯಿಂದ ಹಾರಿಸಿಕೊಂಡು ಬಂದದ್ದನ್ನು ಹೆಂಡತಿ ಇಂದಿಗೂ ಮರೆತಿಲ್ಲ. ಗೋಡೆಗೆ ಹೊಡೆದ ಕಪಾಟಿನ ತುಂಬ ದವಡೆಗಳು. ಮೊದಲು ಬಾಯಿಯ ಅಳತೆ ತೆಗೆಯಬೇಕು, ಆ ಅಳತೆಯಿಂದ ಪ್ಲಾಸ್ಟರಿನ ಅಚ್ಚು ಎರೆಯಬೇಕು, ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸಬೇಕು, ಬಾಯಲ್ಲಿಟ್ಟು ನೋಡಿ ಸರಿ ಎನಿಸಿದ ಮೇಲೆ ಮೇಣ ತೆಗೆದು ಆ ಜಾಗಕ್ಕೆ ಪ್ಲಾಸ್ಟಿಕ್ ಹಿಟ್ಟು ತುಂಬಿ, ಬೇಯಿಸಿ ಗಟ್ಟಿ ಮಾಡಬೇಕು. ಕೆಲಸ ಮುಗಿದರೂ ಅಚ್ಚು ಕಪಾಟಿನಲ್ಲೇ ಉಳಿಯುತ್ತದೆ. ಹೀಗಾಗಿ ಡಿಸೆಂಬರ್ ಹೊತ್ತಿಗೆ ಅರ್ಧ ಊರಿನ ಬಾಯಿ ಅಲ್ಲಿ ಸಾಲಾಗಿ ಕೂತು ಮೇಷ್ಟ್ರನ್ನು ನೋಡಿ ಹಲ್ಲಿಲ್ಲದೆ ನಗುತ್ತಿತ್ತು.

ಕೊನೆಯ ವಾರ ಕಪಾಟು ಖಾಲಿಯಾಗಲೇಬೇಕು. ಇದು ಮೇಷ್ಟ್ರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಕೆಲಸ ಮುಗಿದವರ ಅಚ್ಚನ್ನು ಸುತ್ತಿಗೆಯಿಂದ ಪುಡಿ ಮಾಡಿ, ಮನೆ ಮುಂದಿನ ರಸ್ತೆಯ ಗುಂಡಿಗಳಿಗೆ ಸುರಿಯುತ್ತಿದ್ದರು. ಆ ಬೀದಿಯಲ್ಲಿ ಓಡಾಡುವವರು ಯಾರ ದವಡೆಯ ಮೇಲೆ ಕಾಲಿಡುತ್ತಿದ್ದೇವೆ ಎಂದು ತಿಳಿಯದೆಯೇ ಹಾಯಾಗಿ ಓಡಾಡುತ್ತಿದ್ದರು. ಅರ್ಧಕ್ಕೆ ನಿಂತ ಕೆಲಸವಿದ್ದರೆ ಅವರವರ ಮನೆಗೆ ಹೇಳಿ ಕಳಿಸಿ, ಕರೆಸಿ, ಬೈದು, ಮುಗಿಸಿ ಕಳಿಸುತ್ತಿದ್ದರು. ಬರಲೊಲ್ಲೆ ಎಂದವರದನ್ನು ಒಡೆಯುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮಹಾಶಯರು ನಾಲ್ಕು ಸಲ ಬಂದು, ನಾಲ್ಕು ಸಲವೂ ಕನ್ನಡಿ ನೋಡಿ, "ಇದರಲ್ಲಿ ನಾನು ನಮ್ಮ ಮಾವನ ಹಾಗೆ ಕಾಣ್ತೀನಿ" ಎಂದು ಗೊಣಗಿ ಎದ್ದುಹೋಗಿದ್ದರು. ಅವರ ದವಡೆ ಈ ಸಲ ಎಲ್ಲಕ್ಕಿಂತ ಮೊದಲು ಪುಡಿಯಾಯಿತು, ಮೇಷ್ಟ್ರಿಗೆ ಅದರಲ್ಲಿ ಸ್ವಲ್ಪ ಖುಷಿಯೂ ಆಯಿತು.

ಇಷ್ಟೆಲ್ಲ ಕಟ್ಟುನಿಟ್ಟಿನ ಮನುಷ್ಯನ ಕಪಾಟಿನಲ್ಲಿ ಒಂದು ಅಚ್ಚು ಮಾತ್ರ ಎರಡು ಹೊಸ ವರ್ಷ ದಾಟಿಕೊಂಡು ಬಂದಿತ್ತು. ಮೇಲಿನ ಹಲಗೆಯ ಮೂಲೆಯಲ್ಲಿ, ಗೋಡೆಯ ಕಡೆಗೆ ಮುಖ ಮಾಡಿ, ಧೂಳು ಹೊದ್ದುಕೊಂಡು ಕೂತ ಕೆಳದವಡೆ. ಅದರ ಮೇಲೆ ಮೇಣದಲ್ಲಿ ಮುಂದಿನ ಹಲ್ಲುಗಳನ್ನಷ್ಟೇ ಕೂರಿಸಿ ಬಿಟ್ಟಿತ್ತು. ಅದು ಮೇಷ್ಟ್ರ ಅಣ್ಣನದು.

"ರೀ, ಇದನ್ನ ಈ ವರ್ಷನಾದ್ರೂ ಮುಗಿಸ್ತೀರೋ, ಇಲ್ಲ ಒಡೆದು ಹಾಕ್ತೀರೋ?" ಟೀ ತಂದ ಹೆಂಡತಿ ಸೆರಗಿನಿಂದ ಅದರ ಧೂಳು ಒರೆಸುತ್ತಾ ಕೇಳಿದಳು.

"ಅವನು ಇಷ್ಟೊತ್ತಿಗೆ ಬೇರೆ ಕಡೆ ಕಟ್ಟಿಸ್ಕೊಂಡಿರ್ತಾನೆ. ಸುಮ್ನಿರು."

"ಹಾಗಾದ್ರೆ ಒಡೀರಿ. ತಗೊಳ್ಳಿ ಸುತ್ತಿಗೆ."

ಮೇಷ್ಟ್ರು ಸುತ್ತಿಗೆ ತೆಗೆದುಕೊಂಡರು. ಅಚ್ಚನ್ನು ಮೇಜಿನ ಮೇಲಿಟ್ಟರು. ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

"ಅಣ್ಣನ ದವಡೆ ಕಣೇ ಅದು" ಎಂದರು.

"ಪ್ಲಾಸ್ಟರು ಕಣ್ರೀ" ಎಂದಳು ಅವಳು. ಹಾಗೆಂದರೂ ಸುತ್ತಿಗೆಯನ್ನು ತಾನೇ ಅವರ ಕೈಯಿಂದ ತೆಗೆದು ಡ್ರಾಯರಿನೊಳಗೆ ಹಾಕಿದಳು.

ಅಣ್ಣ ಬಸ್ ಕಂಡಕ್ಟರಾಗಿದ್ದವರು. ಅಪ್ಪ ಹೋದಾಗ ತಮ್ಮನಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಆವತ್ತಿನಿಂದ ಅವನನ್ನು ಸಾಕಿದ್ದು, ಓದಿಸಿದ್ದು, ಹಲ್ಲು ಕಟ್ಟುವ ಕೆಲಸ ಕಲಿಯಲು ಕೈಹಿಡಿದು ಬಿಟ್ಟು ಬಂದದ್ದು ಎಲ್ಲ ಅಣ್ಣನೇ. ಅಂಥ ದೊಡ್ಡ ಮನಸ್ಸಿನ ಮನುಷ್ಯನಿಗೆ ದೇವರು ಅಷ್ಟೇ ದೊಡ್ಡ ಬಾಯನ್ನೂ ಕೊಟ್ಟಿದ್ದ. ತುಂಬಿದ ಬಸ್ಸಿನಲ್ಲಿ ಮುಂದಿನ ಬಾಗಿಲಲ್ಲಿ ನಿಂತು ಹಿಂದಿನ ಸೀಟಿನವರ ಮನೆಯ ಕಷ್ಟಸುಖ ವಿಚಾರಿಸುವ ಬಾಯಿ ಅದು. ನಿವೃತ್ತರಾದ ಮೇಲೆ ಬಸ್ಸು ಹೋಯಿತು, ಬಾಯಿ ಉಳಿಯಿತು. ಅವರ ಬತ್ತಳಿಕೆಯಲ್ಲಿ ತಮ್ಮನ ಬಗ್ಗೆಯೇ ಒಂದಿಷ್ಟು ಕಥೆಗಳಿದ್ದವು. ಅದರಲ್ಲಿ ಮುಖ್ಯವಾದದ್ದು, ತಮ್ಮ ಕೆಲಸಕ್ಕೆ ಸೇರಿದ ಮೊದಲ ದಿನ ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿಟ್ಟ ಹಲ್ಲಿನ ಸೆಟ್ ನೋಡಿ ಹೆದರಿ, ಮನೆಗೆ ಓಡಿಬಂದು ಮಂಚದ ಕೆಳಗೆ ಸೇರಿಕೊಂಡ ಕಥೆ. ಅಣ್ಣ ಅದನ್ನು ಬರೀ ಹೇಳುತ್ತಿರಲಿಲ್ಲ. ಬಗ್ಗಿ, ತೆವಳಿ, ಅಳುವ ದನಿ ತೆಗೆದು ಆಡಿ ತೋರಿಸುತ್ತಿದ್ದರು.

ಎರಡು ವರ್ಷದ ಹಿಂದೆ ಅಣ್ಣನ ಮೇಲಿನ ಸೆಟ್ಟು ಸಿದ್ಧವಾಗಿತ್ತು. ಅದನ್ನು ತೊಡಿಸಿ, ಅದಕ್ಕೆ ಎದುರಾಗಿ ಕೆಳಗಿನ ಹಲ್ಲು ಕೂರಿಸಿ ನೋಡುವ ದಿನ. ಅಂದೇ ಮೇಷ್ಟ್ರಿಗೆ ಕೆಲಸ ಕೊಡುವ ಇಬ್ಬರು ದಂತವೈದ್ಯರು ಕಾರ್ಖಾನೆ ನೋಡಲು ಬಂದುಬಿಟ್ಟರು. ಕುರ್ಚಿಯಲ್ಲಿದ್ದ ಅಣ್ಣನಿಗೆ ಹೊಸ ಮೇಲ್ಹಲ್ಲು ಸಿಕ್ಕಿತ್ತು, ಕೇಳಲು ಹೊಸ ಕಿವಿಗಳೂ ಸಿಕ್ಕಿದವು. ಇನ್ನು ಬಿಟ್ಟಾರೆಯೇ? ಮಂಚದ ಕಥೆ ಪೂರ್ತಿ ಆಯಿತು. ವೈದ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಚಿಕ್ಕ ವಯಸ್ಸಿನವನು, "ಈಗ್ಲೂ ಮಂಚದ ಕೆಳಗೆ ಹೋಗ್ತೀರಾ ಮೇಷ್ಟ್ರೇ?" ಎಂದ.

ಇಷ್ಟೇ. ಇಷ್ಟಕ್ಕೆಲ್ಲ ಐವತ್ತು ದಾಟಿದ ಮನುಷ್ಯ ರೇಗಬೇಕೇ ಎಂದು ನೀವು ಕೇಳಬಹುದು. ರೇಗಬಾರದು, ನಿಜ. ಆದರೆ ಮನೆಯಲ್ಲಿ ಕಿರಿಯನಾಗಿ ಹುಟ್ಟಿದವರಿಗೆ ಗೊತ್ತು, ತಲೆ ನರೆತರೂ ಮನೆಯವರ ಕಣ್ಣಿಗೆ ಚಡ್ಡಿ ಹುಡುಗನಾಗಿಯೇ ಉಳಿಯುವ ಕಷ್ಟ. ವೈದ್ಯರು ಹೋಗುವ ತನಕ ಮೇಷ್ಟ್ರು ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ಒಂದೇ ಸಲಕ್ಕೆ ಸಿಡಿದರು.

"ಮುಚ್ಚು ಬಾಯಿ! ಹೋದಲ್ಲಿ ಬಂದಲ್ಲಿ ನನ್ನ ಮರ್ಯಾದೆ ತೆಗೆಯೋದು ಬಿಟ್ಟು ಬೇರೆ ಕೆಲಸ ಇಲ್ವಾ ನಿಂಗೆ? ಇನ್ನು ನಿನ್ನ ದನಿ ಈ ಕೋಣೇಲಿ ಕೇಳಿಸಬಾರದು."

ಅಣ್ಣ ಕುತ್ತಿಗೆಗೆ ಕಟ್ಟಿದ್ದ ಟವೆಲ್ ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟು, ಮೇಲಿನ ಸೆಟ್ಟಿನ ಸಮೇತ ಎದ್ದುಹೋದರು. ಆ ಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹೆಂಗಸರು ಮಾತ್ರ ಗಂಡಸರ ಜಗಳಕ್ಕೆ ಮೂರು ಕಾಸಿನ ಬೆಲೆ ಕೊಡದೆ ಫೋನಿನಲ್ಲಿ ಮಾತಾಡಿಕೊಂಡೇ ಇದ್ದರು. ಆದರೆ ಆ ಮಾತಿನಲ್ಲಿ ಗಂಡಂದಿರ ವಿಷಯ ಎತ್ತಬಾರದೆಂದು ಅವರವರಲ್ಲೇ ಒಪ್ಪಂದವಾಗಿತ್ತು.

ಸುತ್ತಿಗೆ ಡ್ರಾಯರಿಗೆ ಹೋದ ರಾತ್ರಿ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಅಣ್ಣನ ಮುಖ ನೋಡುವುದೂ ಬೇಡ, ಅಚ್ಚು ಒಡೆಯುವುದೂ ಬೇಡ. ಇದ್ದ ಅಚ್ಚಿನ ಮೇಲೇ ಕೆಳಗಿನ ಸೆಟ್ಟು ಕಟ್ಟಿ ಮುಗಿಸಿ ಕಳಿಸಿಬಿಟ್ಟರಾಯಿತು. ಅವನು ಹಾಕಿಕೊಳ್ಳಲಿ, ಬಿಡಲಿ, ತನ್ನ ಕಪಾಟು ಖಾಲಿ, ತನ್ನ ಋಣ ಹರಿಯಿತು. ಹೀಗೆಂದುಕೊಂಡು ಬೆಳಿಗ್ಗೆಯೇ ಮೇಣ ಕರಗಿಸಲು ಕೂತರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೆಯ ಅಳತೆ ಹಿಡಿದುಕೊಂಡು ಬಂದು "ಇದ್ರ ಮೇಲೇ ಕಟ್ಟಿಕೊಡಿ" ಎನ್ನುವ ಗಿರಾಕಿಗಳಿಗೆ ಮೇಷ್ಟ್ರು ಮಾಡುತ್ತಿದ್ದ ಮಂಗಳಾರತಿ ಇಡೀ ಬೀದಿಗೆ ಗೊತ್ತಿತ್ತು. "ನಿಮ್ಮ ಚಿಕ್ಕಂದಿನ ಚಪ್ಪಲಿ ಈಗ ಹಾಕ್ಕೋತೀರೇನ್ರೀ? ಹಲ್ಲು ಹೋದ ಒಸಡು ತಿಂಗಳು ತಿಂಗಳಿಗೂ ಕರಗುತ್ತೆ" ಎಂದು ಅಟ್ಟುತ್ತಿದ್ದರು. ಆ ಮೇಷ್ಟ್ರೇ ಈಗ ಎರಡು ವರ್ಷ ಹಳೆಯ ಅಚ್ಚಿನ ಮೇಲೆ ಬಗ್ಗಿ ಕೂತು, ಒಂದೊಂದೇ ಹಲ್ಲನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ ಕೂರಿಸುತ್ತಿದ್ದರು. ಕೋಪ ಬಂದಾಗ ಮನುಷ್ಯನಿಗೆ ಕಸುಬು ಮರೆಯುತ್ತದೆ ಎಂದಲ್ಲ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಮಾಡುವಷ್ಟು ಅವರಿಗೆ ಅಣ್ಣನೆದುರು ನಿಲ್ಲುವ ಭಯವಿತ್ತು.

ಸೆಟ್ಟೇನೋ ಅಂದವಾಗಿಯೇ ಬಂತು. ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು ಹೆಂಡತಿಯ ಕೈಯಲ್ಲಿ ಕಳಿಸಿದರು. ಅವಳು ಸಂಜೆ ಹಿಂದಿರುಗಿ, "ಅಕ್ಕ ಇಸ್ಕೊಂಡ್ರು. ಭಾವ ಒಳಗಡೆ ಮಲಗಿದ್ರು" ಎಂದಷ್ಟೇ ಹೇಳಿದಳು. ಮೇಷ್ಟ್ರು ಕಪಾಟಿನ ಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಅಚ್ಚನ್ನು ಮಾತ್ರ ಇನ್ನೂ ಒಡೆದಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅತ್ತಿಗೆಯೇ ಬಂದರು. ಚಪ್ಪಲಿ ಬಿಟ್ಟವರೇ ಸೀದಾ ಹಿಂದಿನ ಕೋಣೆಗೆ ನುಗ್ಗಿ, ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದರು. ಮೇಷ್ಟ್ರು ಚಿಕ್ಕವರಿದ್ದಾಗ ಈ ಮನೆಗೆ ಸೊಸೆಯಾಗಿ ಬಂದು, ಅವರ ಕಿವಿ ಹಿಂಡಿ ಮಗ್ಗಿ ಹೇಳಿಸಿದವರು. ಆ ಸಲಿಗೆ ಅವರ ದನಿಯಲ್ಲಿತ್ತು.

"ಕೂರಲ್ಲ ಕಣೋ ಇದು. ಬಾಯೊಳಗೆ ಇಟ್ಟ ತಕ್ಷಣ ದೋಣಿ ಹಾಗೆ ತೇಲುತ್ತೆ. ಒತ್ತಿ ಒತ್ತಿ ಕೂರಿಸ್ಕೊಳ್ಳೋಕೆ ಹೋಗಿ ಒಸಡಿನಲ್ಲಿ ರಕ್ತ ಬಂತು. ಆದ್ರೂ ತೆಗೀತಾ ಇರ್ಲಿಲ್ಲ, ಗೊತ್ತಾ? ನಾನೇ ಗದರಿಸಿ ತೆಗೆಸ್ದೆ."

"ಯಾಕೆ ಅತ್ತಿಗೆ, ಅವನು ಬೇರೆ ಕಡೆ ಕಟ್ಟಿಸ್ಕೊಂಡಿಲ್ವಾ?"

"ಬೇರೆ ಕಡೆನಾ?" ಅತ್ತಿಗೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಎಷ್ಟು ಸಲ ಹೇಳ್ದೆ. ಬಸ್ ಸ್ಟ್ಯಾಂಡ್ ಹತ್ರನೇ ಒಬ್ಬ ಇದಾನೆ, ಹೋಗಿ ಅಂತ. ತಲೆ ಅಲ್ಲಾಡಿಸಿಬಿಡ್ತಾರೆ. ನನ್ನ ಬಾಯೊಳಗೆ ಕಂಡವರ ಕೈ ಬೇಡ ಅಂತಾರೆ. ಎರಡು ವರ್ಷದಿಂದ ಬ್ರೆಡ್ಡನ್ನ ಹಾಲಲ್ಲಿ ನೆನೆಸ್ಕೊಂಡು ತಿಂತಾ ಇದಾರೆ."

"ಮತ್ತೆ ಮೇಲಿನದು?"

"ಮೇಲಿನದು ಮೊದಲು ಗಟ್ಟಿಯಾಗಿತ್ತು. ಈಗ ಬಾಯಿ ತೆಗೆದ್ರೆ ಜಾರುತ್ತೆ. ಹೋದ ವರ್ಷ ನಮ್ಮನೆಗೆ ಯಾರೋ ನೆಂಟರು ಬಂದಿದ್ರು. ಇವರು ಏನೋ ತಮಾಷೆ ಹೇಳ್ತಾ ಹೇಳ್ತಾ ಜೋರಾಗಿ ನಕ್ರು ನೋಡು, ಸೆಟ್ಟು ಟೀ ಲೋಟದೊಳಗೆ ಬಿತ್ತು. ಮಕ್ಕಳೆಲ್ಲ ಬಿದ್ದು ಬಿದ್ದು ನಗಾಡಿದ್ವು. ಇವರೂ ನಕ್ರು. ಅವತ್ತೇ ಕೊನೆ." ಅತ್ತಿಗೆಯ ದನಿ ಸಣ್ಣದಾಯಿತು. "ಈಗ ಮಾತೇ ಆಡಲ್ಲ ಕಣೋ. ಏನು ಕೇಳಿದ್ರೂ ಹೂಂ, ಊಹೂಂ. ಮನೆಗೆ ಯಾರಾದ್ರೂ ಬಂದ್ರೆ ಎದ್ದು ಒಳಗೆ ಹೋಗಿ ಮಲಗಿಬಿಡ್ತಾರೆ. ಇಷ್ಟು ವರ್ಷ ಇವರ ಬಾಯಿ ಯಾವಾಗ ಮುಚ್ಚುತ್ತಪ್ಪ ಅಂತ ದೇವರಿಗೆ ಬೇಡ್ಕೊಂಡವಳು ನಾನು. ಈಗ ಆ ಮನೇಲಿ ಗಡಿಯಾರದ ಸದ್ದು ಕೇಳಿಸ್ಕೊಂಡು ಕೂತಿರ್ತೀನಿ."

ಮೇಷ್ಟ್ರು ಮೇಜಿನ ಮೇಲಿನ ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಎರಡು ವರ್ಷದಿಂದ ಅಣ್ಣ ಎಲ್ಲೋ ನಾಲ್ಕು ಜನರ ನಡುವೆ ಕೂತು, ಹೊಸ ಹಲ್ಲು ಮಿಂಚಿಸುತ್ತಾ, ತನ್ನ ಮೇಲೆ ಹೊಸ ಕಥೆ ಕಟ್ಟಿ ಹೇಳುತ್ತಿರುತ್ತಾನೆ ಎಂದು ಅವರು ಕುದಿಯುತ್ತಿದ್ದರು. ಅವರ ಕೋಪವೆಲ್ಲ ಆ ಚಿತ್ರವನ್ನು ನೆಚ್ಚಿಕೊಂಡಿತ್ತು. ಅಣ್ಣ ಕತ್ತಲ ಕೋಣೆಯಲ್ಲಿ ಬಾಯಿ ಹೊಲಿದುಕೊಂಡು ಮಲಗಿರಬಹುದು ಎಂಬುದು ಅವರ ಕನಸಿನಲ್ಲೂ ಬಂದಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು.

"ಹಳೇ ಅಳತೆ ಅತ್ತಿಗೆ ಅದು" ಎಂದರು ಕೊನೆಗೆ. "ಕೂರೋದಿಲ್ಲ ಅಂತ ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಕಳಿಸಿದ್ಯಾ?"

"ಕಳಿಸ್ದೆ."

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಬಾ" ಎಂದು ಹೇಳಿ, ಮೇಷ್ಟ್ರ ಹೆಂಡತಿ ಕೊಟ್ಟ ಟೀ ಕುಡಿಯಲು ಅಡುಗೆಮನೆಗೆ ಹೋದರು. ಅವರು ಹೋದ ಮೇಲೆ ಮೇಷ್ಟ್ರು ಡ್ರಾಯರಿನಿಂದ ಸುತ್ತಿಗೆ ತೆಗೆದು ಹಳೆಯ ಅಚ್ಚನ್ನು ಎರಡೇ ಏಟಿಗೆ ಪುಡಿ ಮಾಡಿದರು. ಈ ಸಲ ಕೈ ತಡೆಯಲಿಲ್ಲ.

ಬೆಳಿಗ್ಗೆ ಚೀಲದಲ್ಲಿ ದವಡೆಯಾಕಾರದ ಟ್ರೇ, ಅಳತೆಯ ಪುಡಿ, ರಬ್ಬರ್ ಬಟ್ಟಲು ತುಂಬಿಕೊಂಡು ಅಣ್ಣನ ಮನೆಗೆ ಹೊರಟರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕಟ್ಟಿಕೊಂಡರು, ಬಿಚ್ಚಿದರು, ಮತ್ತೆ ಕಟ್ಟಿದರು. ಬಾಗಿಲು ತೆಗೆದದ್ದು ಅಣ್ಣನೇ. ಅಣ್ಣನ ಕೆನ್ನೆ ಒಳಕ್ಕೆ ಬಿದ್ದಿತ್ತು, ಗದ್ದ ಮೇಲೆ ಬಂದು ಮೂಗಿಗೆ ಹತ್ತಿರವಾಗಿತ್ತು. ತಮ್ಮನನ್ನು ಕಂಡೊಡನೆ ಅವರ ಎಡಗೈ ತಾನಾಗಿ ಬಾಯಿಗೆ ಅಡ್ಡ ಬಂತು. ಬಸ್ಸಿನಲ್ಲಿ ಕಂಬಿ ಹಿಡಿಯುತ್ತಿದ್ದ ಆ ಕೈ ಈಗ ಬಾಯಿ ಮುಚ್ಚಿಕೊಳ್ಳುವುದನ್ನು ಚೆನ್ನಾಗಿ ರೂಢಿಸಿಕೊಂಡಿದೆ ಎಂದು ನೋಡಿದರೇ ತಿಳಿಯುತ್ತಿತ್ತು. ಮೇಷ್ಟ್ರು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹೊಸ್ತಿಲಲ್ಲೇ ಉದುರಿ ಹೋಯಿತು.

"ಬಾಯಿ ನೋಡ್ಬೇಕು" ಎಂದರು.

ಅಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅಡುಗೆಮನೆಯ ಕಿಟಕಿಯ ಬಳಿ ಬೆಳಕು ಚೆನ್ನಾಗಿತ್ತು. ಅಲ್ಲೇ ಕುರ್ಚಿ ಹಾಕಿಸಿ, ಕುತ್ತಿಗೆಗೆ ಟವೆಲ್ ಕಟ್ಟಿ, ಮೇಷ್ಟ್ರು ಬೆರಳಿನಿಂದ ಕೆಳಗಿನ ಒಸಡನ್ನು ಸವರಿ ನೋಡಿದರು. ಎತ್ತರವಾಗಿ ದಿಬ್ಬದಂತಿದ್ದ ಒಸಡು ಸವೆದು ಚಪ್ಪಟೆಯಾಗಿತ್ತು. ಎರಡು ಕಡೆ ಕೆಂಪಗೆ ಗಾಯ. ತಾವು ಕಳಿಸಿದ ಸೆಟ್ಟಿನ ಅಂಚು ಒತ್ತಿದ ಜಾಗ ಯಾವುದೆಂದು ಅವರ ಬೆರಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪುಡಿಗೆ ನೀರು ಹಾಕಿ ಕಲಸಿ, ಟ್ರೇಗೆ ತುಂಬಿ, ಬಾಯೊಳಗಿಟ್ಟು ಒತ್ತಿ ಹಿಡಿದರು.

ಅದು ಗಟ್ಟಿಯಾಗುವ ತನಕ ಗಿರಾಕಿ ನಾಲಿಗೆ ಅಲ್ಲಾಡಿಸುವ ಹಾಗಿಲ್ಲ. ಅಣ್ಣ ಬಾಯಿ ತುಂಬ ಪೇಸ್ಟು ತುಂಬಿಕೊಂಡು ಮೇಲೆ ನೋಡುತ್ತಾ ಕೂತಿದ್ದರು. ಮೇಷ್ಟ್ರ ಎರಡೂ ಹೆಬ್ಬೆರಳು ಅಣ್ಣನ ಗದ್ದದ ಕೆಳಗಿದ್ದವು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಅವರಿಗೆ ಅನಿಸಿತು.

"ಅಣ್ಣ, ಆವತ್ತು ನಾನು ಹಾಗೆ ಅನ್ನಬಾರದಿತ್ತು" ಎಂದರು. "ನಿನ್ನ ಮೇಲೆ ನನಗೆ ಸಿಟ್ಟಿತ್ತು, ಇಲ್ಲ ಅನ್ನಲ್ಲ. ನೀನು ಎಲ್ಲರ ಮುಂದೆ ನನ್ನನ್ನ ಚಿಕ್ಕವನಾಗಿ ಮಾಡಿ ಇಟ್ಟಿರ್ತೀಯ. ಅದು ನನಗೆ ಆಗಲ್ಲ, ಈಗ್ಲೂ ಆಗಲ್ಲ. ಆದ್ರೆ ನೀನು ಸುಮ್ಮನಾಗು ಅಂತ ನಾನು ಯಾವತ್ತೂ ಬಯಸಿದವನಲ್ಲ. ನೀನು ಮಾತು ನಿಲ್ಲಿಸಿದ್ದೀಯ ಅಂತ ಗೊತ್ತಿದ್ದಿದ್ರೆ ಆವತ್ತೇ ಬರ್ತಿದ್ದೆ. ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಳ್ಳೋಕೂ ಹೋಗಲಿಲ್ಲ. ಹೊಟ್ಟೆಗೆ ಹಾಕ್ಕೋ."

ಅಣ್ಣನ ಬಾಯಿಯ ಅಂಚಿನಿಂದ ಜೊಲ್ಲು ಇಳಿಯಿತು, ಕಣ್ಣಿನ ಅಂಚಿನಿಂದಲೂ ಏನೋ ಇಳಿಯಿತು. ಅಳತೆ ತೆಗೆಯುವಾಗ ಕೆಲವರಿಗೆ ಕಣ್ಣಲ್ಲಿ ನೀರು ಬರುವುದುಂಟು. ಮೇಷ್ಟ್ರು ಟವೆಲಿನ ತುದಿಯಿಂದ ಎರಡನ್ನೂ ಒರೆಸಿದರು. ಪೇಸ್ಟು ಎಂದೋ ಗಟ್ಟಿಯಾಗಿತ್ತು. ಟ್ರೇ ತೆಗೆದೊಡನೆ ಅಣ್ಣ ಎದ್ದುಹೋಗಿ ಬಾಯಿ ಮುಕ್ಕಳಿಸಿ ಬಂದರು. ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡೇ ಒಂದು ಮಾತು ಹೇಳಿದರು.

"ಥೂ, ಎಂಥ ಕೆಟ್ಟ ರುಚಿಯೋ ಇದು."

ಒಲೆಯ ಮುಂದಿದ್ದ ಅತ್ತಿಗೆ ತಿರುಗಿ ನೋಡಿದರು. ಮೇಷ್ಟ್ರಿಗೆ ನಗು ಬಂತು, ತಡೆದುಕೊಂಡರು.

ವರ್ಷದ ಕೊನೆಯ ದಿನಕ್ಕೆ ಹೊಸ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂತಿತ್ತು. ಮೇಲಿನ ಸೆಟ್ಟಿಗೂ ಒಳಗೊಂದು ಪದರ ಕೊಟ್ಟು ಬಿಗಿ ಮಾಡಿಯಾಗಿತ್ತು. ಮೇಷ್ಟ್ರ ಲೆಕ್ಕಾಚಾರ ಹೀಗಿತ್ತು: ಮಧ್ಯಾಹ್ನ ಬಾಯಲ್ಲಿಟ್ಟು ನೋಡುವುದು, ಕೂಡಲೇ ಮನೆಗೆ ಓಡಿಹೋಗಿ ಬೇಯಿಸುವುದು, ಕತ್ತಲಾಗುವಷ್ಟರಲ್ಲಿ ಉಜ್ಜಿ ತಂದು ಅಣ್ಣನ ಬಾಯಿಗೆ ಹಾಕಿಬಿಡುವುದು. ಈ ವರ್ಷದ ಕೆಲಸ ಈ ವರ್ಷವೇ ಮುಗಿಯಬೇಕು. ಹೆಂಡತಿಗೆ ಕುಕ್ಕರಿನಲ್ಲಿ ನೀರು ಕಾಯಿಸಿಡಲು ಹೇಳಿಯೇ ಹೊರಟಿದ್ದರು. "ನನ್ನ ಕುಕ್ಕರ್ ತಾನೇ, ಕಾಯಿಸ್ತೀನಿ" ಎಂದಿದ್ದಳು ಅವಳು.

ಮತ್ತೆ ಅದೇ ಕಿಟಕಿ, ಅದೇ ಕುರ್ಚಿ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು. ಮೇಣದ ಸೆಟ್ಟನ್ನು ಬಾಯಲ್ಲಿ ಹೆಚ್ಚು ಹೊತ್ತು ಬಿಡುವಂತಿಲ್ಲ. ಬಾಯಿಯ ಬಿಸಿಗೆ ಮೇಣ ಮೆತ್ತಗಾಗಿ ಹಲ್ಲು ಅತ್ತಿತ್ತ ವಾಲುತ್ತದೆ. ಇಟ್ಟು, ಕಚ್ಚಿಸಿ, ನಾಲ್ಕು ಮಾತು ಆಡಿಸಿ, ಥಟ್ಟನೆ ತೆಗೆದು ತಣ್ಣೀರಿಗೆ ಹಾಕಬೇಕು. ಅದನ್ನು ಮೇಷ್ಟ್ರು ಕಣ್ಣುಮುಚ್ಚಿಕೊಂಡು ಮಾಡಬಲ್ಲರು.

ಮೊದಲು ಮೇಲಿನದನ್ನು, ಆಮೇಲೆ ಕೆಳಗಿನದನ್ನು ಇಟ್ಟರು. ಅಣ್ಣನ ಕೆನ್ನೆ ತುಂಬಿಕೊಂಡಿತು. ಗದ್ದ ಕೆಳಗಿಳಿದು ತನ್ನ ಜಾಗದಲ್ಲಿ ನಿಂತಿತು. ಅತ್ತಿಗೆ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ನೋಡುತ್ತಾ ನಿಂತರು.

"ಕಚ್ಚು. ನಿಧಾನ. ಹಾಂ. ಈಗ ಏನಾದ್ರೂ ಮಾತಾಡು."

"ಏನು ಮಾತಾಡ್ಲಿ?"

"ಏನಾದ್ರೂ. ಸಕ್ಕರೆ, ಸೂಜಿ, ಸಾಸಿವೆ ಅನ್ನು. ಹಲ್ಲಿಗೆ ಹಲ್ಲು ಬಡಿಯುತ್ತಾ ನೋಡ್ಬೇಕು."

"ಸಕ್ಕರೆ" ಎಂದರು ಅಣ್ಣ. ಅಭ್ಯಾಸಬಲದಿಂದ ಕೈ ಬಾಯಿಯ ಕಡೆ ಹೊರಟಿತು, ಅರ್ಧದಲ್ಲಿ ನಿಂತಿತು. ಏನೂ ಜಾರಿರಲಿಲ್ಲ. "ಸೂಜಿ. ಸಾಸಿವೆ." ಕೈ ಮೆಲ್ಲನೆ ತೊಡೆಯ ಮೇಲೆ ಬಂದು ಕೂತಿತು.

ಮೇಷ್ಟ್ರಿಗೆ ಬೇಕಾದದ್ದು ಅಷ್ಟರಲ್ಲೇ ಸಿಕ್ಕಿತು. ಸದ್ದು ಸ್ಪಷ್ಟವಾಗಿತ್ತು, ಹಲ್ಲು ಬಡಿಯುತ್ತಿರಲಿಲ್ಲ. "ಸಾಕು" ಎನ್ನಲು ಬಾಯಿ ತೆರೆದರು.

"ಎದುರುಮನೆಯವನು ಸ್ಕೂಟರ್ ತಗೊಂಡ, ಗೊತ್ತಾ?" ಎಂದರು ಅಣ್ಣ.

"ಇಲ್ಲ."

"ತಗೊಂಡ. ಓಡಿಸಕ್ಕೆ ಬರಲ್ಲ. ದಿನಾ ಬೆಳಿಗ್ಗೆ ಅದನ್ನ ಒರೆಸಿ, ಸ್ಟಾರ್ಟ್ ಮಾಡಿ, ಸದ್ದು ಕೇಳಿ, ನಿಲ್ಲಿಸಿ, ನಡ್ಕೊಂಡು ಆಫೀಸಿಗೆ ಹೋಗ್ತಾನೆ. ನಾನು ಕಿಟಕೀಲಿ ನೋಡ್ತಾ ಇರ್ತೀನಿ. ಇದನ್ನ ಯಾರಿಗಾದ್ರೂ ಹೇಳೋಣ ಅಂದ್ರೆ ಹೇಳಕ್ಕಾಗದೆ ಹೊಟ್ಟೆ ಉಬ್ಬರಿಸ್ಕೊಂಡು ಕೂತಿದ್ದೆ." ಅಣ್ಣನ ದನಿ ಮೊದಲು ತೊಡರುತ್ತಿತ್ತು, ಬರಬರುತ್ತಾ ದಾರಿ ಹಿಡಿಯಿತು. ಮೇಲಿನ ಮನೆಯ ಹುಡುಗಿ ಹಾಡು ಕಲಿಯುವುದು, ಹಾಲಿನವನು ಮನೆ ಬಿಟ್ಟು ಓಡಿಹೋಗಿ ವಾರಕ್ಕೇ ಮರಳಿದ್ದು, ತಮ್ಮ ಬಸ್ಸಿನ ಹಳೆಯ ಡ್ರೈವರ್ ತೀರಿಕೊಂಡದ್ದು, ಅವನ ಮನೆಗೆ ಹೋಗಿ ಏನೂ ಹೇಳಲಾಗದೆ ಮೂಲೆಯಲ್ಲಿ ಕೂತು ಬಂದದ್ದು ಎಲ್ಲ ಒಂದರ ಹಿಂದೊಂದು ಬಂದವು.

ಮೇಷ್ಟ್ರು ಬಾಯೊಳಗೇ ನೋಡುತ್ತಿದ್ದರು. ಬಲಗಡೆಯ ಒಂದು ಹಲ್ಲು ಕೂದಲೆಳೆಯಷ್ಟು ವಾಲಿತ್ತು. ಮೇಣ ಮೆತ್ತಗಾಗುತ್ತಿದೆ. ಈಗ ತೆಗೆದರೆ ಇನ್ನೂ ಉಳಿಸಿಕೊಳ್ಳಬಹುದು. ಅವರ ಕೈ ಮುಂದಕ್ಕೆ ಹೋಯಿತು.

"ಮಳೆಗಾಲದಲ್ಲಿ ನಾನು ಬಚ್ಚಲಲ್ಲಿ ಬಿದ್ದೆ" ಎಂದರು ಅಣ್ಣ. "ಸೊಂಟಕ್ಕೆ ಏಟಾಗಿತ್ತು. ಆಸ್ಪತ್ರೇಲಿ ಮಲಗಿಸಿದ್ರು. ನಿನ್ನ ಕರೆಸು ಅಂತ ಇವಳಿಗೆ ಹೇಳೋಣ ಅಂದ್ಕೊಂಡೆ. ಆಮೇಲೆ ಯೋಚನೆ ಬಂತು. ನೀನು ಬಂದು ಸಿಟ್ಟಲ್ಲಿ ಸುಮ್ನೆ ನಿಂತ್ಕೊಂಡ್ರೆ? ಮೊದಲೆಲ್ಲ ನೀನು ಮುಖ ಊದಿಸ್ಕೊಂಡಾಗ ಏನಾದ್ರೂ ಹೇಳಿ ನಗಿಸ್ತಿದ್ದೆ. ಈಗ ಆ ಬಾಯಿ ನನ್ನ ಹತ್ರ ಇಲ್ವಲ್ಲ. ನಾನೂ ಮಾತಾಡದೆ ನೀನೂ ಮಾತಾಡದೆ ಹೇಗೋ ಕಳೀಲಿ ಅಷ್ಟು ಹೊತ್ತನ್ನ? ಅದಕ್ಕೇ ಹೇಳಬೇಡ ಅಂದೆ."

ಮೇಷ್ಟ್ರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಎರಡನೆಯ ಹಲ್ಲು ವಾಲಿತು, ಅದರ ಪಕ್ಕದ್ದೂ ಅದನ್ನು ಹಿಂಬಾಲಿಸಿತು. ಇನ್ನು ಎಲ್ಲವನ್ನೂ ಕಿತ್ತು ಮೊದಲಿನಿಂದ ಕೂರಿಸಬೇಕು. ಈ ವರ್ಷಕ್ಕಂತೂ ಆಗುವ ಮಾತಲ್ಲ. ಮನೆಯಲ್ಲಿ ಕುದಿಯುತ್ತಿರುವ ನೀರನ್ನು ಹೆಂಡತಿ ಬೇಕಾದರೆ ಆರಿಸಿಕೊಳ್ಳಲಿ.

ಅವರು ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು, ಅಣ್ಣನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರು.

"ಸರಿ ಇದೆಯಾ? ತೆ‌ಗೀಬೇಕಾ?" ಎಂದು ಅಣ್ಣ ಕೇಳಿದರು.

"ಇನ್ನೂ ನೋಡ್ಬೇಕು" ಎಂದರು ಮೇಷ್ಟ್ರು. "ಮಾತಾಡ್ತಾ ಇರು. ಆಸ್ಪತ್ರೇಲಿ ಆಮೇಲೆ ಏನಾಯ್ತು?"